ಕೌದಿ: ಸೂಜಿ ಹಿಡಿದ ಕೈಗಳ ಚರಿತ್ರೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವ ಹಳ್ಳಿಯ ಹಳೆಯ ಮನೆಗೆ ಹೋದರೂ ಹಾಸಿಗೆಗಳ ಒಟ್ಟಿಲಿನಲ್ಲಿ ಒಂದಾದರೂ ಕೌದಿ ಸಿಗುತ್ತದೆ. ಚಳಿಗಾಲದಲ್ಲಿ ಹೊದೆಯಲು ಅದೇ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಲು ಅದೇ. ಬಾಣಂತಿಯ ಹೊರಸಿನ ಮೇಲೆ, ಕೂಸಿನ ತೊಟ್ಟಿಲಲ್ಲಿ, ಜಾತ್ರೆಗೆ ಹೊರಟ ಬಂಡಿಯಲ್ಲಿ, ಎಲ್ಲ ಕಡೆಗೂ ಅದೇ. ಕನ್ನಡದಲ್ಲಿ ಅದನ್ನು ಕೌದಿ ಎನ್ನುತ್ತೇವೆ. ದಖನಿ ಮಾತಾಡುವ ನಮ್ಮ ಮನೆಗಳಲ್ಲಿ ಅದು ಗುದಡಿ. ಸೊಲ್ಲಾಪುರ, ಅಕ್ಕಲಕೋಟ ಕಡೆಯಿಂದ ಬಂದ ಸೊಸೆಯ ಬಾಯಲ್ಲಿ ಗೋಧಡಿ. ತೆಲುಗು ಸೀಮೆಯವರಿಗೆ ಬೊಂತ. ಹೆಸರು ನಾಲ್ಕು, ವಸ್ತು ಒಂದೇ: ಉಟ್ಟು ಸವೆದ ಅರಿವೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ದಾರ ಓಡಿಸಿ ಹೊಲಿದದ್ದು.

ನಮ್ಮ ಜಿಲ್ಲೆಯ ಚರಿತ್ರೆ ಎಂದಕೂಡಲೇ ಕೋಟೆ, ಗುಮ್ಮಟ, ತೋಪು, ಶಾಸನಗಳು ನೆನಪಾಗುತ್ತವೆ. ಕೌದಿಯನ್ನು ಯಾರೂ ಆ ಸಾಲಿನಲ್ಲಿ ಸೇರಿಸುವುದಿಲ್ಲ. ಅದಕ್ಕೆ ಒಂದು ಕಾರಣ ಕೌದಿಯ ಸ್ವಭಾವದಲ್ಲೇ ಇದೆ. ಅದು ಉಳಿಯುವುದಕ್ಕಾಗಿ ಮಾಡಿದ ವಸ್ತುವಲ್ಲ, ಸವೆಯುವುದಕ್ಕಾಗಿ ಮಾಡಿದ್ದು. ಮೇಲಿನ ಪದರ ಹರಿದರೆ ಇನ್ನೊಂದು ಪದರ ಹಚ್ಚುತ್ತಾರೆ. ತೀರಾ ಹಳತಾದರೆ ಹೊಸ ಕೌದಿಯ ಹೊಟ್ಟೆಯೊಳಗೆ ಸೇರಿಸುತ್ತಾರೆ. ಅದೂ ಆಗದಿದ್ದರೆ ನೆಲ ಒರೆಸುವ ಅರಿವೆಯಾಗುತ್ತದೆ. ನಮ್ಮ ನಾನಿಯ ಒಂದು ಗುದಡಿಯ ಮೂಲೆ ಬಿಚ್ಚಿದಾಗ ಒಳಗೆ ಇನ್ನೊಂದು ಗುದಡಿ, ಅದರೊಳಗೆ ನಾನಾನ ಧೋತರದ ತುಂಡು ಸಿಕ್ಕಿದ್ದನ್ನು ನಾನೇ ಕಂಡಿದ್ದೇನೆ. ಕಲ್ಲಿನ ಚರಿತ್ರೆ ನೆಲದ ಮೇಲೆ ನಿಂತಿರುತ್ತದೆ, ಅರಿವೆಯ ಚರಿತ್ರೆಯನ್ನು ಹೀಗೆ ಬಿಚ್ಚಿ ನೋಡಬೇಕಾಗುತ್ತದೆ. ಹಳೆಯ ಕೌದಿಗಳೇ ಇಲ್ಲವಾದ್ದರಿಂದ ನಾವು ಅರಿವೆ, ನೂಲು, ಸೂಜಿಗಳ ದಾರಿ ಹಿಡಿದು ಹಿಂದಕ್ಕೆ ಹೋಗಬೇಕು.

ದಖನ್ನಿನ ಕಪ್ಪು ಮಣ್ಣು ಹತ್ತಿಯ ಮಣ್ಣು. ಕ್ರಿ.ಶ. 1ನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ಕಡಲ ವ್ಯಾಪಾರದ ಕೈಪಿಡಿಯಲ್ಲಿ ತಗರ ಎಂಬ ಊರಿನಿಂದ ಬಟ್ಟೆಗಳು ಭರೂಚ ಬಂದರಿಗೆ ಹೋಗುತ್ತಿದ್ದವೆಂಬ ಮಾತಿದೆ. ಈ ತಗರವೇ ಇಂದಿನ ತೇರ್. ಅದು ಆಳಂದದ ಉತ್ತರಕ್ಕೆ, ಹಿಂದಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿದೆ. ಅಂದರೆ ನಮ್ಮ ನೆರೆಯಲ್ಲಿ ನೂತು ನೇಯ್ದ ಅರಿವೆಗೆ 2000 ವರ್ಷಗಳ ಲಿಖಿತ ದಾಖಲೆ ಇದೆ.

12ನೇ ಶತಮಾನಕ್ಕೆ ಬಂದರೆ ಕೆಲಸ ಮಾಡಿದವರ ಹೆಸರುಗಳೇ ಸಿಗುತ್ತವೆ. ಆಳಂದಕ್ಕೆ ನೆರೆಯ ತಾಲೂಕಾದ ಬಸವಕಲ್ಯಾಣದಲ್ಲಿ ಸೇರಿದ್ದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು, ಕದಿರು ತಿರುಗಿಸುತ್ತಿದ್ದ ಕದಿರ ರೆಮ್ಮವ್ವೆ ಇದ್ದರು. ಅವರಿಗೂ ಹಿಂದಿನ ಜೇಡರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನ ನೇಕಾರ. ಒಬ್ಬರು ಹೊಲಿದವರು, ಒಬ್ಬರು ನೂತವರು, ಒಬ್ಬರು ನೇಯ್ದವರು. ತಮ್ಮ ದುಡಿಮೆಯ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಅವರು ಮಾತಾಡಿದರು ಎಂಬುದನ್ನು ಇಲ್ಲಿ ಗಮನಿಸಬೇಕು. ಕೈಗೆಲಸಕ್ಕೂ ಅರಿವಿಗೂ ನಡುವೆ ಅವರಿಗೆ ಗೋಡೆ ಇರಲಿಲ್ಲ.

ರೆಮ್ಮವ್ವೆಯ ಕೈಯಲ್ಲಿದ್ದದ್ದು ಕದಿರು, ಚರಖಾ ಅಲ್ಲ. ಚರಖಾದ ವಿಷಯ ನೇರವಾಗಿ ನಮ್ಮ ಕಲಬುರಗಿಗೆ ಬಂದು ಮುಟ್ಟುತ್ತದೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಬಹಮನಿ ರಾಜ್ಯ ಸ್ಥಾಪಿಸಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡನು. ಅವನ ಆಶ್ರಯದಲ್ಲಿ ಇಸಾಮಿ ಎಂಬ ಕವಿ 1350ರಲ್ಲಿ 'ಫುತೂಹ್-ಉಸ್-ಸಲಾತೀನ್' ಎಂಬ ಪಾರ್ಸಿ ಚರಿತ್ರೆ ಕಾವ್ಯವನ್ನು ಮುಗಿಸಿದನು. ಮುಹಮ್ಮದ್ ಬಿನ್ ತುಘಲಕ್ ದಿಲ್ಲಿಯ ಜನರನ್ನು ದೌಲತಾಬಾದಿಗೆ ಕಳಿಸಿದಾಗ ಅಜ್ಜನ ಜೊತೆ ಹೊರಟ ಹುಡುಗ ಈತ. ಅಜ್ಜ ದಾರಿಯಲ್ಲೇ ತೀರಿಹೋದರು. ಭಾರತದಲ್ಲಿ ಚರಖಾದ ಸ್ಪಷ್ಟ ಉಲ್ಲೇಖ ಮೊದಲು ಸಿಗುವುದು ಈ ಕಾವ್ಯದಲ್ಲಿ ಎಂದು ಇತಿಹಾಸಕಾರ ಇರ್ಫಾನ್ ಹಬೀಬ್ ಗುರುತಿಸಿದ್ದಾರೆ.

ಆದರೆ ಆ ಉಲ್ಲೇಖ ಬರುವ ಸಂದರ್ಭ ಸಂತೋಷದ್ದಲ್ಲ. 1236ರಿಂದ 1240ರವರೆಗೆ ದಿಲ್ಲಿ ಆಳಿದ ರಜಿಯಾ ಸುಲ್ತಾನಳ ವಿಷಯ ಹೇಳುವಾಗ, ಹೆಣ್ಣಿಗೆ ಸಿಂಹಾಸನ ಸಲ್ಲದು, ಚರಖಾದ ಮುಂದೆ ಕೂರುವುದೇ ಅವಳಿಗೆ ಒಪ್ಪುವುದು ಎಂಬ ಅರ್ಥದ ಮಾತನ್ನು ಕವಿ ಆಡುತ್ತಾನೆ. ಒಂದು ಯಂತ್ರದ ಇತಿಹಾಸ ನಮ್ಮಲ್ಲಿ ಹೀಗೆ ಒಂದು ಚುಚ್ಚುಮಾತಿನಿಂದ ಶುರುವಾಗುತ್ತದೆ. ನೂಲುವುದು, ಹೊಲಿಯುವುದು ಹೆಣ್ಣಿನ ಕೆಲಸ, ಆದ್ದರಿಂದ ಬೇರೆಯದು ಅವಳಿಗೆ ಬೇಡ ಎಂಬ ತರ್ಕ 1350ರಲ್ಲಿ ಮುಗಿಯಲಿಲ್ಲ ಎಂಬುದನ್ನು ಮುಂದೆ ನೋಡೋಣ.

ಅದೇ ಚರಖಾವನ್ನು ಬೇರೆ ರೀತಿ ಕಂಡವರೂ ಇದ್ದರು. ಹಜರತ್ ಖಾಜಾ ಬಂದೇನವಾಜ್ ಗೇಸುದರಾಜ್(ರ) ಅವರು 1400ರ ಸುಮಾರಿಗೆ ಕಲಬುರಗಿಗೆ ಬಂದು ನೆಲೆಸಿ 1422ರಲ್ಲಿ ಇಲ್ಲಿಯೇ ವಫಾತಾದರು. ಅವರ ನಂತರ ದಖನ್ನಿನಲ್ಲಿ ಬೆಳೆದ ಚಿಶ್ತಿ ಪರಂಪರೆಯಲ್ಲಿ, ಮುಖ್ಯವಾಗಿ 17ನೇ ಶತಮಾನದ ಬಿಜಾಪುರದ ಸೂಫಿಗಳ ಬಳಗದಲ್ಲಿ, 'ಚಕ್ಕಿನಾಮಾ', 'ಚರಖಾನಾಮಾ' ಎಂಬ ದಖನಿ ಹಾಡುಗಳು ಹುಟ್ಟಿದವು. ಬೀಸುವ ಕಲ್ಲಿನ ಗೂಟ, ಚರಖಾದ ಚಕ್ರ, ಎಳೆಯುವ ನೂಲು ಇವೇ ಅಲ್ಲಿ ಜಿಕ್ರಿನ ಪಾಠಗಳಾದವು. ರಿಚರ್ಡ್ ಈಟನ್ ಎಂಬ ಅಮೆರಿಕದ ಇತಿಹಾಸಕಾರರು 1970ರ ದಶಕದಲ್ಲಿ ಇವುಗಳ ಮೇಲೆ ಬರೆದರು. ದೊಡ್ಡ ದೊಡ್ಡ ಪಾರ್ಸಿ ಗ್ರಂಥಗಳು ಮುಟ್ಟದ ಹಳ್ಳಿಯ ಮನೆಗಳಿಗೆ ದೀನಿನ ಮಾತು ತಲುಪಿದ್ದು ಈ ಹಾಡುಗಳ ಮೂಲಕ, ಅದನ್ನು ಹೊತ್ತು ನಡೆದವರು ಬೀಸುವ, ನೂಲುವ ಹೆಣ್ಣುಮಕ್ಕಳು ಎಂಬುದು ಅವರ ವಾದ. ಬರೆದವರು ಗಂಡಸರೇ ಇರಬಹುದು. ಆದರೆ ಅವರು ಚರಖಾದ ಮುಂದೆ ಕುಳಿತವಳನ್ನು ಕಲಿಯುವವಳೆಂದು ಕಂಡರು. ಇಸಾಮಿಗೂ ಇವರಿಗೂ ಇರುವ ಅಂತರ ಇಷ್ಟೇ, ಅದು ಸಣ್ಣದಲ್ಲ.

ತ್ಯಾಪೆ ಹಚ್ಚಿದ ಅರಿವೆಗೆ ಇಸ್ಲಾಮಿನಲ್ಲಿ ಇರುವ ಗೌರವವನ್ನೂ ಇಲ್ಲಿ ನೆನೆಯಬೇಕು. ಪ್ರವಾದಿ(ಸ) ಅವರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಹಜರತ್ ಆಯಿಷಾ(ರ) ಅವರು, ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆಯನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರು ಎಂದು ಹೇಳಿದ್ದು ಹದೀಸುಗಳಲ್ಲಿ ಬಂದಿದೆ. ಖಲೀಫರಾಗಿದ್ದಾಗಲೂ ಹಜರತ್ ಉಮರ್(ರ) ಅವರ ಅಂಗಿಗೆ ಭುಜಗಳ ನಡುವೆ ತ್ಯಾಪೆಗಳಿದ್ದುದನ್ನು ಕಂಡವರು ಹೇಳಿದ್ದಾರೆ. ಮೊದಲು ಬಟ್ಟೆ ಹೊಲಿದವರು ಹಜರತ್ ಇದ್ರೀಸ್(ಅ) ಎಂಬುದು ದರ್ಜಿಗಳು ನಂಬಿಕೊಂಡು ಬಂದ ಮಾತು. ಸೂಫಿಗಳ ಖಿರ್ಖಾ, ಅದರಲ್ಲೂ ತುಂಡು ತುಂಡು ಜೋಡಿಸಿದ ಮುರಕ್ಕಾ, ತ್ಯಾಗದ ಗುರುತಾಗಿತ್ತು. 11ನೇ ಶತಮಾನದಲ್ಲಿ ಲಾಹೋರಿನಲ್ಲಿದ್ದ ಹಜರತ್ ಹುಜ್ವೇರಿ(ರ) ಅವರು ತಮ್ಮ 'ಕಶ್ಫುಲ್ ಮಹಜೂಬ್' ಗ್ರಂಥದಲ್ಲಿ ಈ ತ್ಯಾಪೆಯ ಅಂಗಿಗಾಗಿಯೇ ಒಂದು ಅಧ್ಯಾಯ ಬರೆದರು. ತೋರಿಕೆಗಾಗಿ ಅದನ್ನು ತೊಡುವವರಿಗೆ ಅವರು ಕಿವಿ ಹಿಂಡಿದ್ದೂ ಉಂಟು.

ನಮ್ಮ ಮೂರು ತಾಲೂಕುಗಳ ಪುಣ್ಯಸ್ಥಳಗಳನ್ನೇ ನೋಡಿ. ಆಳಂದದಲ್ಲಿ ಹಜರತ್ ಲಾಡ್ಲೆ ಮಶಾಯಖ್(ರ) ಅವರ ದರ್ಗಾ. ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಯ ದೇವಲ ಗಾಣಗಾಪುರ, ಅವಧೂತ ದತ್ತನ ಕ್ಷೇತ್ರ. ಜೇವರ್ಗಿ ಸೀಮೆಯ ಅರಳಗುಂಡಗಿ, ದಾಸೋಹದ ಶರಣಬಸವೇಶ್ವರರ ಹುಟ್ಟೂರು. ಫಕೀರನ ಗುದಡಿ, ಅವಧೂತನ ಕಂತೆ, ಜಂಗಮನ ಜೋಳಿಗೆ ಇವು ಮೂರೂ ಅರಿವೆಯವೇ. ಕಂತೆ ಎಂಬ ಹಳೆಯ ಮಾತಿಗೆ ತ್ಯಾಪೆಯ ಹೊದಿಕೆ ಎಂಬ ಅರ್ಥವೇ ಇದೆ. ಬಂಗಾಳದವರು ಇಂದಿಗೂ ತಮ್ಮ ಕೌದಿಯನ್ನು ಕಾಂಥಾ ಎಂದೇ ಕರೆಯುತ್ತಾರೆ.

ಈಗ ಮನೆಯ ಕೌದಿಯ ಮಾತಿಗೆ ಬರೋಣ. ಕೌದಿಗೆ ಬೇಕಾದದ್ದು ಹಳೆಯ ಅರಿವೆ. ಹಳೆಯ ಅರಿವೆ ಮಿಗಬೇಕಾದರೆ ಹೊಸ ಅರಿವೆ ಸಾಕಷ್ಟು ಸಿಗಬೇಕು. ಕೈನೂಲಿನ ಕಾಲದಲ್ಲಿ ಬಡವರ ಮನೆಯಲ್ಲಿ ಮೈಮೇಲಿನ ಬಟ್ಟೆ ಬಿಟ್ಟರೆ ಮಿಗುವುದು ಕಡಿಮೆ. 1871ರಲ್ಲಿ ಮುಂಬೈ-ಮದ್ರಾಸ್ ರೈಲು ದಾರಿ ಸೊಲ್ಲಾಪುರ, ಕಲಬುರಗಿ, ರಾಯಚೂರು ಮೇಲೆ ಹಾಯ್ದು ಕೂಡಿಕೊಂಡಿತು. 1877ರಲ್ಲಿ ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಕಲಬುರಗಿಯಲ್ಲೂ ನಿಜಾಮರ ಹೆಸರಿನ ಮಹಬೂಬ್ ಶಾಹಿ ಗಿರಣಿ ಎದ್ದಿತು. ಜನರ ಬಾಯಲ್ಲಿ ಅದು ಎಂ.ಎಸ್.ಕೆ. ಮಿಲ್. ಗಿರಣಿ ಅರಿವೆ ಅಗ್ಗವಾಗಿ ಹಳ್ಳಿಯ ಸಂತೆಗೆ ಬಂದ ಮೇಲೆಯೇ ನಾವು ಇಂದು ಕಾಣುವ ದಪ್ಪ, ಬಣ್ಣಬಣ್ಣದ ಕೌದಿ ಸಾಮಾನ್ಯ ಮನೆಗಳಲ್ಲಿ ಹೆಚ್ಚಿತು ಎಂದು ನನ್ನ ಅನಿಸಿಕೆ. ಗಿರಣಿ ಬಂದು ಕೈಮಗ್ಗ ಸೊರಗಿತು ಎಂದು ಓದುತ್ತೇವೆ, ಅದು ನಿಜ. ಅದೇ ಗಿರಣಿಯ ಸವೆದ ಅರಿವೆಯಿಂದ ಹೆಣ್ಣುಮಕ್ಕಳು ಇನ್ನೊಂದು ಕೈಕೆಲಸ ಬೆಳೆಸಿದರು, ಅದೂ ನಿಜ.

ಸೂಜಿ ಹಿಡಿದವರು ಯಾರು? ಮನೆಯ ಹೆಂಗಸರು ಮೊದಲು. ಜೊತೆಗೆ ಊರೂರು ತಿರುಗಿ ಕೌದಿ ಹೊಲಿದು ಕೊಡುತ್ತಿದ್ದ ಗೊಂದಲಿಗರಂಥ ಅಲೆಮಾರಿ ಸಮುದಾಯದ ಹೆಣ್ಣುಮಕ್ಕಳು. ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಕೌದಿ ಮುಗಿಸಿ, ಜೋಳ ಮತ್ತು ಒಂದಿಷ್ಟು ಹಣ ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ನಮ್ಮ ನಾನಿಯಂಥವರು ನೆರೆಹೊರೆಗೂ ಹೊಲಿದು ಕೊಡುತ್ತಿದ್ದರು. ಓಣಿಯ ಗೌಡರ ಮನೆಯಿಂದ ಗಂಟು ಕಟ್ಟಿದ ಸೀರೆಗಳು ಬರುತ್ತಿದ್ದವು. "ಬೂಬವ್ವಾ, ಮಗಳು ಹೆರಿಗಿಗೆ ಬರ್ತಾಳ, ಒಂದು ಮೆತ್ತಗಿನ್ದು ಆಗಲಿ" ಎಂದು ಗೌಡಸಾನಿ ಹೇಳಿ ಹೋಗುತ್ತಿದ್ದಳು. ನಾನಿ ಹೊಲಿದ ಆ ಕೌದಿಯ ಮೇಲೆ ಗೌಡರ ಮೊಮ್ಮಕ್ಕಳು ಮಲಗಿ ದೊಡ್ಡವರಾದರು. ಇದನ್ನು ಸೌಹಾರ್ದ ಎಂಬ ದೊಡ್ಡ ಹೆಸರಿನಿಂದ ಆಗ ಯಾರೂ ಕರೆಯುತ್ತಿರಲಿಲ್ಲ. ಕೂಲಿ ಕೊಡುತ್ತಿದ್ದರು, ಹೊಲಿಸಿಕೊಳ್ಳುತ್ತಿದ್ದರು, ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು.

ಕೌದಿ ಹೊಲಿಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಏಕೆಂದರೆ ಇದನ್ನು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಕಲಿತವರೇ ಹೆಚ್ಚು. ನಮ್ಮ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಶುರು ಮಾಡಬೇಕೆಂದರೆ ದೊಡ್ಡದಕ್ಕೆ ಕೈ ಹಾಕಬಾರದು. ಮೊದಲು ತೊಟ್ಟಿಲ ಕೌದಿ: ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ ಸಾಕು.

ಮೊದಲ ಕೆಲಸ ಸೂಜಿಯದಲ್ಲ, ನೀರಿನದು. ಎಲ್ಲ ಅರಿವೆಗಳನ್ನೂ ಒಗೆದು ಬಿಸಿಲಿಗೆ ಹಾಕಬೇಕು. ಕುಗ್ಗುವುದೆಲ್ಲ ಹೊಲಿಯುವ ಮೊದಲೇ ಕುಗ್ಗಿಬಿಡಬೇಕು, ಬಣ್ಣ ಬಿಡುವುದು ಬಿಟ್ಟುಬಿಡಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕೌದಿ ಗಂಟುಗಂಟಾಗುತ್ತದೆ. ಹತ್ತಿಗೆ ಹತ್ತಿಯೇ ಜೋಡಿ. ಹತ್ತಿಯ ನಡುವೆ ಒಂದು ನೈಲಾನ್ ತುಂಡು ಸೇರಿದರೆ ಅದು ಜಾರುತ್ತದೆ, ಬೆವರು ಹೀರುವುದಿಲ್ಲ, ಸುತ್ತಲಿನ ಅರಿವೆಯನ್ನು ಎಳೆದು ಹರಿಯುತ್ತದೆ. ಸೀರೆಯ ಜರಿ ಅಂಚು, ಅಂಗಿಯ ಗುಂಡಿ, ದಪ್ಪ ಹೊಲಿಗೆಗಳನ್ನು ಬಿಚ್ಚಿ ತೆಗೆಯಬೇಕು. ಗುಂಡಿಗಳನ್ನು ಎಸೆಯುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ, ಅವಕ್ಕೊಂದು ಡಬ್ಬಿ ಇತ್ತು.

ಆಮೇಲೆ ನೆಲ ಸಾರಿಸಿ ಒಣಗಿಸಿ ಅಸ್ತರಿನ ಅರಿವೆಯನ್ನು ಸುಕ್ಕಿಲ್ಲದಂತೆ ಹಾಸಬೇಕು. ನಾಲ್ಕು ಮೂಲೆಗೆ ಕಲ್ಲು. ಅದರ ಮೇಲೆ ಒಳಪದರಗಳು. ತೊಟ್ಟಿಲಿಗೆ ಎರಡು ಸಾಕು, ದೊಡ್ಡವರ ಕೌದಿಗೆ ಮೂರು ನಾಲ್ಕು. ಅದಕ್ಕಿಂತ ಹೆಚ್ಚಾದರೆ ಸೂಜಿ ಹಾಯುವುದಿಲ್ಲ, ಬೆರಳು ಮಾತ್ರ ಹಾಯುತ್ತದೆ. ತೀರಾ ಸವೆದ ಅರಿವೆ ಒಳಗೆ, ಗಟ್ಟಿ ಇದ್ದದ್ದು ಮೇಲೆ. ಪದರಗಳು ಸರಿಯದಂತೆ ಉದ್ದುದ್ದ ಕಚ್ಚಾ ಟಾಂಕಾ ಹಾಕಿ ಹಿಡಿದಿಡಬೇಕು, ಕೊನೆಯಲ್ಲಿ ಇವನ್ನು ಎಳೆದು ತೆಗೆಯಬಹುದು.

ಮೇಲಿನ ತುಂಡುಗಳಲ್ಲಿದೆ ಮಜಾ. ಚೌಕ ತುಂಡನ್ನು ಮೂಲೆಯಿಂದ ಮೂಲೆಗೆ ಮಡಚಿದರೆ ತ್ರಿಕೋನ, ಎರಡು ತ್ರಿಕೋನ ಎದುರುಬದುರು ಇಟ್ಟರೆ ಮತ್ತೆ ಚೌಕ, ನಾಲ್ಕು ಕೂಡಿದರೆ ಚಕ್ರದಂಥದ್ದು. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ, ಗೇಣು ಮತ್ತು ಬೆರಳೇ ಅಳತೆ. ಪ್ರತಿ ತುಂಡಿನ ಅಂಚನ್ನು ಕಾಲು ಇಂಚು ಒಳಕ್ಕೆ ಮಡಚಿ ಉಗುರಿನಿಂದ ಗೀರಿ ಕೂರಿಸಬೇಕು. ಮಡಚದೆ ಹೊಲಿದರೆ ಎಳೆ ಬಿಚ್ಚಿಕೊಳ್ಳುತ್ತದೆ. ಒಂದು ಗಾಢ ಬಣ್ಣದ ಪಕ್ಕ ಒಂದು ತಿಳಿ ಬಣ್ಣ ಇಟ್ಟರೆ ವಿನ್ಯಾಸ ಎದ್ದು ಕಾಣುತ್ತದೆ. ಇಳಕಲ್ ಸೀರೆಯ ಸೆರಗಿನ ಕೆಂಪು, ಗುಳೇದಗುಡ್ಡದ ಖಣದ ತುಂಡು ಇವನ್ನು ನಟ್ಟನಡುವೆ ಇಡುವುದು ವಾಡಿಕೆ.

ಹೊಲಿಗೆಗೆ ಉದ್ದನೆಯ ಗಟ್ಟಿ ಸೂಜಿ, ಎರಡೆಳೆ ಮಾಡಿದ ಹತ್ತಿ ದಾರ, ಬೆರಳಿಗೆ ಅಂಗುಸ್ತಾನ. ದಾರ ತೋಳಿನಷ್ಟೇ ಉದ್ದ ಇರಬೇಕು. ಆಲಸ್ಯದಿಂದ ಉದ್ದ ದಾರ ಪೋಣಿಸಿದವಳಿಗೆ ಗಂಟು ಬಿಡಿಸುವುದೇ ಕೆಲಸವಾಗುತ್ತದೆ ಎಂದು ನಾನಿ ಬೈಯುತ್ತಿದ್ದಳು. ಗಂಟು ಮೇಲೆ ಕಾಣಬಾರದು, ಪದರದೊಳಗೆ ಎಳೆದು ಮುಚ್ಚಬೇಕು. ಹೊಲಿಗೆ ಎಂದರೆ ಬರೀ ಓಡುಹೊಲಿಗೆ, ಸೂಜಿ ಮೇಲೆ ಕೆಳಗೆ ಮೇಲೆ ಕೆಳಗೆ. ಒಮ್ಮೆಗೆ ನಾಲ್ಕೈದು ಟಾಂಕಾ ಸೂಜಿಯ ಮೇಲೆ ತುಂಬಿಕೊಂಡು ಎಳೆಯುವುದು ಅಭ್ಯಾಸದಿಂದ ಬರುತ್ತದೆ. ದಾರವನ್ನು ಬಿಗಿಯಾಗಿ ಎಳೆದರೆ ಅರಿವೆ ಮುದುಡುತ್ತದೆ, ಸಡಿಲ ಬಿಟ್ಟರೆ ಕಾಲ್ಬೆರಳು ಸಿಕ್ಕು ಹರಿಯುತ್ತದೆ. ಕೊನೆಗೆ ನಾಲ್ಕೂ ಸುತ್ತು ಗೋಟು ಹಚ್ಚಿ ಅಂಚು ಮುಚ್ಚಿದರೆ ಮುಗಿಯಿತು.

ಗಣಿತದ ಶಿಕ್ಷಕಿಯರು ಒಂದು ಲೆಕ್ಕ ಮಾಡಿಸಬಹುದು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿ. ಅರ್ಧ ಇಂಚಿಗೊಂದರಂತೆ ಉದ್ದಕ್ಕೆ ಸಾಲುಗಳು. ಅಂದರೆ 96 ಸಾಲು, ಪ್ರತಿ ಸಾಲು 72 ಇಂಚು, ಒಟ್ಟು 6,912 ಇಂಚು. ಇಂಚಿಗೆ ಮೂರು ಟಾಂಕಾ ಹಿಡಿದರೆ 20,736. ಇದು ಮೇಲಿನ ತುಂಡುಗಳ ಅಂಚಿನ ಹೊಲಿಗೆ, ಗೋಟು ಬಿಟ್ಟು. ಮನೆಯ ಅಡುಗೆ, ನೀರು, ಹೊಲದ ಕೆಲಸ ಮುಗಿಸಿ ಮಧ್ಯಾಹ್ನ ಸಿಕ್ಕ ಎರಡು ತಾಸಿನಲ್ಲಿ ಇದನ್ನು ಮಾಡಿದವಳನ್ನು 'ಏನೂ ಕೆಲಸ ಮಾಡದೆ ಮನೆಯಲ್ಲಿದ್ದಾಳೆ' ಎಂದು ಜನಗಣತಿಯವನಿಗೆ ಹೇಳಿದ ಗಂಡಸರೂ ನಮ್ಮಲ್ಲೇ ಇದ್ದರು.

ಇದೇ ಹೊಲಿಗೆಯ ಚಿಕ್ಕ ರೂಪಗಳೂ ಉಂಟು. ಕೂಸಿನ ತಲೆ ಬೆನ್ನು ಎರಡನ್ನೂ ಮುಚ್ಚುವ ಕುಂಚಿಗೆ, ಎತ್ತಿನ ಬೆನ್ನಿಗೆ ಹಾಕುವ ಜೂಲ, ರೊಟ್ಟಿ ಸುತ್ತಿಡುವ ದಸ್ತರಖಾನ್, ಕುರ್‌ಆನಿನ ಜುಜ್‌ದಾನ್, ಎಲೆ ಅಡಿಕೆಯ ಬಟವಾ. ಕೌದಿಯಲ್ಲಿ ಮಿಕ್ಕ ತುಂಡು ಇವಕ್ಕೆ ಹೋಗುತ್ತಿತ್ತು. ಕಲಿಯುವವರು ಜುಜ್‌ದಾನ್‌ನಿಂದ ಶುರು ಮಾಡಿದರೂ ಆದೀತು, ಒಂದು ವಾರದಲ್ಲಿ ಮುಗಿಯುತ್ತದೆ.

ಕೌದಿ ಕಡಿಮೆಯಾದದ್ದು ಹೇಗೆ ಎಂಬುದನ್ನು ಹೆಚ್ಚು ಹೇಳಬೇಕಿಲ್ಲ. 1980ರ ದಶಕದಿಂದ ಈಚೆಗೆ ಹತ್ತಿ ಸೀರೆಯ ಜಾಗಕ್ಕೆ ಪಾಲಿಯೆಸ್ಟರ್ ಸೀರೆ ಬಂತು. ಅದು ಹರಿಯುವುದಿಲ್ಲ, ಮೆತ್ತಗಾಗುವುದೂ ಇಲ್ಲ. ಸೊಲ್ಲಾಪುರದ ಚಾದರ, ಪಾಣಿಪತ್ತಿನ ಬ್ಲಾಂಕೆಟ್ ಸಂತೆಯಲ್ಲೇ ಸಿಕ್ಕವು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ಹಾಸಿಗೆ ಹೊದಿಕೆಗಳೂ ನೀರುಪಾಲಾದವು. ನೆನೆದ ಕೌದಿಯನ್ನು ಇಬ್ಬರು ಹಿಡಿದು ಎತ್ತಬೇಕು, ಅಷ್ಟು ಭಾರ.

ಆದರೆ ನನಗೆ ಹೆಚ್ಚು ನೋವಾಗುವ ವಿಷಯ ಬೇರೆ. ನನ್ನ ಚಾಚಾನ ಮಗಳು, ನಾವು ಆಪಾ ಎನ್ನುತ್ತಿದ್ದೆವು, 7ನೇ ತರಗತಿಯಲ್ಲಿ ಕ್ಲಾಸಿಗೆ ಮೊದಲು ಬಂದಿದ್ದಳು. ಹೈಸ್ಕೂಲು ಬೇರೆ ಊರಲ್ಲಿತ್ತು. ಅದೇ ವರ್ಷ ನಮ್ಮೂರಿಗೆ ಆರು ತಿಂಗಳ ಹೊಲಿಗೆ ತರಬೇತಿ ಬಂತು. "ಹೆಣ್ಣುಮಗಳಿಗೆ ಇನ್ನೇನು ಬೇಕು, ಹೊಲಿಗೆ ಕಲಿತರೆ ಸಾಕು" ಎಂದು ಹಿರಿಯರು ತೀರ್ಮಾನಿಸಿದರು. ತರಬೇತಿ ಕೊಟ್ಟವರು ಸರ್ಟಿಫಿಕೇಟು ಕೊಟ್ಟರು, ಕೊಡುತ್ತೇವೆಂದ ಮಶೀನು ಬರಲಿಲ್ಲ. ಆಪಾ ಬಹಳ ವರ್ಷ ಸೀರೆಗೆ ಫಾಲ್ ಹಚ್ಚುತ್ತಾ, ಬೇರೆಯವರು ಹೊಲಿದ ಅಂಗಿಗಳಿಗೆ ಕಾಜಾ ಗುಂಡಿ ಮಾಡುತ್ತಾ ಕಳೆದಳು. ನೂರಕ್ಕೆ ಇಷ್ಟು ಎಂದು ದುಡ್ಡು. ಆ ತರಬೇತಿಯಲ್ಲಿ ಕೌದಿಯ ಹೆಸರೂ ಬರಲಿಲ್ಲ, ಏಕೆಂದರೆ ಅದು ಮುದುಕಿಯರ ಕೆಲಸ.

ಇದು ಒಂದು ಮನೆಯ ಮಾತಲ್ಲ. 2002ರ ನಂಜುಂಡಪ್ಪ ವರದಿ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಇಟ್ಟಿತು. 2006ರ ನವೆಂಬರಿನಲ್ಲಿ ಬಂದ ಸಾಚಾರ್ ಸಮಿತಿ ವರದಿಯು, ದುಡಿಯುವ ಮುಸ್ಲಿಂ ಮಹಿಳೆಯರಲ್ಲಿ ಶೇ. 70ರಷ್ಟು ಮಂದಿ ಮನೆಯೊಳಗೇ ಕುಳಿತು ದುಡಿಯುತ್ತಾರೆ, ಎಲ್ಲ ಸಮುದಾಯಗಳ ಮಹಿಳೆಯರನ್ನು ಸೇರಿಸಿ ನೋಡಿದರೆ ಇದು ಶೇ. 51 ಎಂದು ಹೇಳಿತು. ಮನೆಯೊಳಗಿನ ದುಡಿಮೆ ಎಂದರೆ ಹೆಚ್ಚಾಗಿ ಬೀಡಿ, ಜರಿ, ಕಸೂತಿ, ಹೊಲಿಗೆ. ದರ ನಿಗದಿ ಮಾಡುವವನು ಮಧ್ಯವರ್ತಿ. ಲೆಕ್ಕ ಬರೆಯಲು ಬಾರದವಳಿಗೆ ಎಷ್ಟು ತುಂಡು ಕೊಟ್ಟೆ, ಎಷ್ಟು ಬಂತು ಎಂಬುದೂ ಅವನ ಬಾಯಿಮಾತೇ.

1350ರ ಕವಿ ಸಿಂಹಾಸನದ ಬದಲು ಚರಖಾ ಎಂದ. ನಮ್ಮ ಹಿರಿಯರು ಹೈಸ್ಕೂಲಿನ ಬದಲು ಮಶೀನು ಎಂದರು. ಇಬ್ಬರೂ ಸೂಜಿ ನೂಲುಗಳನ್ನು ಗೌರವಿಸಲಿಲ್ಲ, ಹೆಣ್ಣುಮಗಳನ್ನು ತಡೆಯಲು ಬಳಸಿದರು. ಹೊಲಿಗೆ ಬೇಡ ಎಂದು ನಾನು ಹೇಳುತ್ತಿಲ್ಲ. ಹೊಲಿಗೆಯನ್ನು ಓದಿನ ಬದಲಿಗೆ ಕೊಡಬೇಡಿ ಎನ್ನುತ್ತಿದ್ದೇನೆ. ಹುಡುಗರಿಗೂ ಕಲಿಸಿ, ಪ್ರವಾದಿ(ಸ) ಅವರ ಸುನ್ನತ್ ಅದು ಎಂದು ಮೇಲೆ ಬರೆದಿದ್ದೇನೆ.

ಸೂಜಿಗೆ ಗೌರವ ಸಿಕ್ಕ ಉದಾಹರಣೆಗಳು ದೂರದಲ್ಲಿಲ್ಲ. ನಮ್ಮದೇ ರಾಜ್ಯದ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿ ಸಿದ್ದಿ ಜನರಿದ್ದಾರೆ. ಆಫ್ರಿಕಾದಿಂದ ಬಂದವರ ವಂಶದವರು ಇವರು. ಅವರಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ, 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಹೆಂಗಸರ ಕೌದಿಗೆ ಕವಂದಿ ಎಂದು ಹೆಸರು. ನಮ್ಮವರು ಸಾಲು ಸಾಲಾಗಿ ಹೊಲಿದರೆ, ಅವರು ಒಂದು ಮೂಲೆಯಿಂದ ಅಂಚು ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುಮಧ್ಯಕ್ಕೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಅರಿವೆಯ ಪುಟ್ಟ 'ಫೂಲಾ', ಅಂದರೆ ಹೂವು, ಇರಲೇಬೇಕು. ಅದಿಲ್ಲದ ಕವಂದಿ ಬತ್ತಲೆ ಎನ್ನುತ್ತಾರೆ. ಮುಸ್ಲಿಂ ಸಿದ್ದಿಯರ ಕವಂದಿಯಲ್ಲಿ ಚಂದ್ರ, ಕ್ರೈಸ್ತರದರಲ್ಲಿ ಶಿಲುಬೆ ಬರುವುದುಂಟು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರು 2004ರಿಂದ ಅವರ ಜೊತೆ ಕೆಲಸ ಮಾಡಿದ ಮೇಲೆ ಆ ಹೆಂಗಸರದೇ ಒಂದು ಸಹಕಾರ ಬಳಗ ಕಟ್ಟಿಕೊಂಡಿತು. ಕವಂದಿಗಳು ವಿದೇಶದ ಪ್ರದರ್ಶನಗಳಿಗೂ ಹೋದವು.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿ ಇದೆ. ಗುಲಾಮರಾಗಿ ಹತ್ತಿಯ ಹೊಲದಲ್ಲಿ ದುಡಿದವರ ಸಂತತಿಯ ಕಪ್ಪು ಹೆಂಗಸರು ಅಲ್ಲಿ ಹಳೆಯ ಪ್ಯಾಂಟು, ಹಿಟ್ಟಿನ ಚೀಲಗಳಿಂದ ಕೌದಿ ಹೊಲಿಯುತ್ತಿದ್ದರು. 2002ರಲ್ಲಿ ಹ್ಯೂಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಅವನ್ನು ಗೋಡೆಗೆ ತೂಗುಹಾಕಿದಾಗ ಪ್ರತಿಯೊಂದರ ಕೆಳಗೂ ಹೊಲಿದವಳ ಹೆಸರಿತ್ತು. 2006ರಲ್ಲಿ ಅಲ್ಲಿನ ಅಂಚೆ ಇಲಾಖೆ ಅವುಗಳ ಚೀಟಿ ಹೊರತಂದಿತು. ಚಿತ್ರಗಳಲ್ಲಿ ನೋಡಿದರೆ ಅದರಲ್ಲಿ ಕೆಲವು ನಮ್ಮ ಜೇವರ್ಗಿಯ ಹಳ್ಳಿಯಿಂದಲೇ ಹೋಗಿವೆಯೇನೋ ಅನ್ನಿಸುತ್ತದೆ.

ನಮ್ಮ ಸಂಸ್ಥೆಯ ಶಾಲೆಗಳಲ್ಲಿ ಒಂದು ಸಣ್ಣ ಕೆಲಸ ಮಾಡಬಹುದು. 8, 9ನೇ ತರಗತಿಯ ಮಕ್ಕಳು ತಮ್ಮ ಮನೆಯ ಒಂದು ಕೌದಿಯ ಬಗ್ಗೆ ಒಂದು ಪುಟ ಬರೆದು ತರಲಿ: ಯಾರು ಹೊಲಿದದ್ದು, ಅವರ ತವರು ಯಾವುದು, ಯಾವ ವರ್ಷ, ಯಾರ ಸೀರೆ, ಯಾರ ಅಂಗಿ, ಎಷ್ಟು ಪದರ, ಯಾವ ವಿನ್ಯಾಸಕ್ಕೆ ಏನು ಹೆಸರು. ಹೆಸರುಗಳು ದಖನಿಯಲ್ಲಿದ್ದರೆ ದಖನಿಯಲ್ಲೇ ಬರೆಯಲಿ. ಹೊಲಿದ ಅಜ್ಜಿ ಬದುಕಿದ್ದರೆ ಕೇಳಿ ಬರೆಯುವುದು ಸುಲಭ, ಇನ್ನು ಹತ್ತು ವರ್ಷ ಬಿಟ್ಟರೆ ಕೇಳಲು ಯಾರೂ ಇರುವುದಿಲ್ಲ.

ಆಪಾಳಿಗೆ ಈಗ ವಯಸ್ಸಾಗಿದೆ, ಕಾಜಾ ಹಾಕುವಷ್ಟು ಕಣ್ಣು ಕಾಣುವುದಿಲ್ಲ. ಕೌದಿಯ ಹೊಲಿಗೆ ದೊಡ್ಡದು, ಅದು ಕಾಣುತ್ತದೆ. ಹೋದ ಚಳಿಗಾಲದಲ್ಲಿ ಮೊಮ್ಮಗಳಿಗಾಗಿ ಒಂದನ್ನು ಮುಗಿಸಿದಳು. ಮೊಮ್ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಅವಳು ಅಸ್ತರಿನ ಮೂಲೆಯಲ್ಲಿ ಪೆನ್ನಿನಿಂದ ದಾದಿಯ ಹೆಸರನ್ನು ಉರ್ದುವಿನಲ್ಲೂ ಕನ್ನಡದಲ್ಲೂ ಬರೆದು, ಕೆಳಗೆ ವರ್ಷ ಹಾಕಿ ಕೊಟ್ಟಳು. ಆ ಗೆರೆಯ ಮೇಲೆಯೇ ಆಪಾ ಕೆಂಪು ದಾರ ಓಡಿಸಿದ್ದಾಳೆ.